ಡೆಲಿವರಿ ಫಾರಂನ ಏಳನೇ ಸಾಲು

ಹಂಪಾಪುರದ ಬಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು ನನ್ನ ಕಾರಿನ ಟ್ಯಾಂಕಿನ ಮುಚ್ಚಳವನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಪೆಟ್ರೋಲಾ, ಡೀಸೆಲಾ ಸಾರ್?" ಎಂದು ಕೇಳಿದಳು. ಎಲ್ಲ ಬಂಕುಗಳಲ್ಲೂ ಕೇಳುವ ಮಾತೇ. ನಾನು ಉತ್ತರ ಕೊಡದೆ ನಿಂತುಬಿಟ್ಟೆ. ಅವಳು, "ಗಾಡಿ ನಿಮ್ದೇ ತಾನೇ?" ಎಂದು ನಕ್ಕಳು.

ಎಚ್.ಡಿ. ಕೋಟೆಯಲ್ಲಿ ಪೂರಕ ಪರೀಕ್ಷೆಯ ಕೆಲಸ ಮುಗಿಸಿಕೊಂಡು ಮೈಸೂರಿಗೆ ಹಿಂದಿರುಗುತ್ತಿದ್ದೆ. ಕಾಲೇಜಿನಲ್ಲಿ ಹುಡುಗರಿಗೆ ತರ್ಕಶಾಸ್ತ್ರ ಹೇಳಿಕೊಡುವುದು ಈಗ ನನ್ನ ಕೆಲಸ. ಆ ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದರೂ ಹಂಪಾಪುರದಲ್ಲಿ ಒಮ್ಮೆಯೂ ಕಾರು ನಿಲ್ಲಿಸಿದವನಲ್ಲ. ಊರು ಬಂದರೆ ವೇಗ ಹೆಚ್ಚಿಸುತ್ತಿದ್ದೆ. ಅಂದು ಟ್ಯಾಂಕು ಬರಿದಾಗಿ ನಿಲ್ಲಲೇಬೇಕಾಯಿತು. ಆಗಷ್ಟೇ ಮಳೆ ಬಿಟ್ಟಿತ್ತು. ಬಂಕಿನ ಹಿಂದೆ ಎಲ್ಲೋ ಹೊಗೆಸೊಪ್ಪಿನ ಬ್ಯಾರನ್ನಿಗೆ, ಅಂದರೆ ಎಲೆಯನ್ನು ಕಾಯಿಸಿ ಹದ ಮಾಡುವ ಗೂಡಿಗೆ, ಬೆಂಕಿ ಹಾಕಿದ್ದರು. ಅದರ ಸಿಹಿಯೂ ಕಮಟೂ ಬೆರೆತ ವಾಸನೆ ಪೆಟ್ರೋಲಿನ ವಾಸನೆಯೊಂದಿಗೆ ಮೂಗಿಗೆ ಬಡಿಯಿತು. ಆ ಎರಡು ವಾಸನೆಗಳ ನಡುವೆ ನಾನು ಒಂದು ಇಡೀ ಹಂಗಾಮನ್ನು ಕಳೆದಿದ್ದೇನೆ, ಹುಣಸೂರಿನಲ್ಲಿ.

ಆಗ ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ಎರಡು ಸಾವಿರದ ಇಸವಿ ದಾಟಿ ನಾಲ್ಕೋ ಐದೋ ವರ್ಷವಾಗಿತ್ತು. ವರ್ಷ ಖಚಿತವಾಗಿ ಹೇಳಲಾರೆ. ಇದನ್ನು ಬರೆಯಲು ಕೂತ ಮೇಲೆ ನನಗೆ ಖಚಿತವಾಗಿ ಗೊತ್ತಿರುವುದು ಎಷ್ಟು ಕಡಿಮೆ ಎಂಬುದೇ ಮೊದಲು ಗೊತ್ತಾಯಿತು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡಿದ್ದೆ. ಕಣ್ಣಾರೆ ಕಂಡದ್ದನ್ನೂ ನಂಬಬಹುದೇ, ಇನ್ನೊಬ್ಬರ ಮಾತು ಯಾವಾಗ ಪ್ರಮಾಣವಾಗುತ್ತದೆ ಎಂದೆಲ್ಲ ಎರಡು ವರ್ಷ ವಾದ ಮಾಡಿ, ಹೊರಗೆ ಬಂದು ನೋಡಿದರೆ ಕೆಲಸವಿಲ್ಲ. ಊರೂರಿಗೆ ಚಿಕ್ಕ ಕಾರು ಮಾರಿ ಮನೆಮಾತಾಗಿದ್ದ ಒಂದು ಕಂಪನಿಯ ಡೀಲರು ಹುಣಸೂರಿನಲ್ಲಿ ಶಾಖೆ ತೆರೆದಿದ್ದರು. ಅಲ್ಲಿ ಸೇಲ್ಸ್‌ಮನ್ ಆದೆ.

ಶಾಖೆ ಮೊದಲು ಮರದ ಡಿಪೋ ಆಗಿತ್ತು. ನೆಲಕ್ಕೆ ಟೈಲ್ಸ್ ಹಾಕಿ, ಎದುರಿಗೆ ಗಾಜು ಕೂರಿಸಿದ್ದರೂ ಮಳೆ ಬಂದಾಗ ಗೋಡೆಗಳಿಂದ ತೇಗ ಬೀಟೆಗಳ ವಾಸನೆ ಏಳುತ್ತಿತ್ತು. ಮೆಕ್ಯಾನಿಕ್ ರಹಮತ್ ಭಾಯ್ ಹುಣಸೂರಿನವರೇ. ಅವರ ತಂದೆ ಅದೇ ಶೆಡ್ಡಿನಲ್ಲಿ ಮರ ಕೊಯ್ಯುತ್ತಿದ್ದರಂತೆ. "ಅಬ್ಬಾ ಇಲ್ಲಿ ಮರ ಕೊಯ್ದ್ರು, ನಾವು ಗಿರಾಕಿ ಕೊಯ್ತೀವಿ" ಎಂದು ಅವರು ಆಗಾಗ ಹೇಳುತ್ತಿದ್ದರು. ಶಿಕ್ಷಕರು, ಬ್ಯಾಂಕಿನವರು, ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಸಿಕ್ಕ ರೈತರು, ಎಲ್ಲರೂ ಅದೇ ಚಿಕ್ಕ ಕಾರನ್ನು ಕೊಳ್ಳುತ್ತಿದ್ದರು. ಹೆಚ್ಚು ಮಾತು ಬೇಕಿರಲಿಲ್ಲ.

ಆ ಶ್ರಾವಣದಲ್ಲಿ ಕಂಪನಿಯವರು ಹೊರದೇಶದಿಂದ ತರಿಸಿದ ದೊಡ್ಡ ಕಾರೊಂದನ್ನು ಕಳಿಸಿದರು. ಶ್ರೀಮಂತರ ಕಾರಿಗೆಂದು ಬೇರೆ ಮಳಿಗೆ ತೆರೆಯದೆ, ಚಿಕ್ಕ ಕಾರು ಮಾರುವ ಅಂಗಡಿಗಳಲ್ಲೇ ಮಾರಬೇಕೆಂದು ಅವರ ಯೋಜನೆ. ಅದನ್ನು ಒಳಗೆ ತರಲು ಗಾಜಿನ ಬಾಗಿಲನ್ನು ಚೌಕಟ್ಟಿನ ಸಮೇತ ಕಳಚಬೇಕಾಯಿತು. ಚಿಕ್ಕ ಕಾರುಗಳನ್ನು ಗೋಡೆಗೆ ಒತ್ತರಿಸಿದೆವು. ಕುರಿಮಂದೆಯ ನಡುವೆ ಆನೆ ಬಂದು ಮಲಗಿದಂತಿತ್ತು. ಬೂದಿ ಬಣ್ಣ ಎಂದು ನನ್ನ ನೆನಪು; ರಹಮತ್ ಭಾಯ್ ಅವರನ್ನು ಕೇಳಿದರೆ ಬೆಳ್ಳಿ ಬಣ್ಣ ಎನ್ನುತ್ತಾರೆ. ನನಗೆ ಇಂಗ್ಲಿಷ್ ಬರುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ಮಾರುವ ಹೊಣೆ ನನ್ನ ಪಾಲಿಗೆ ಬಂತು. ಈ ಹಂಗಾಮಿನಲ್ಲಿ ಒಂದಾದರೂ ಹೋದರೆ ನನ್ನ ಕೆಲಸ ಕಾಯಂ, ಮೈಸೂರಿನ ದೊಡ್ಡ ಶೋರೂಮಿಗೆ ವರ್ಗ ಎಂದು ಮೇಲಿನವರು ಹೇಳಿದ್ದರು.

ನೋಡಲು ಜನ ಬಂದರು. ಹರಾಜು ಕಟ್ಟೆಗೆ ಸೊಪ್ಪು ತಂದವರು, ಬಸ್ಸು ತಪ್ಪಿದವರು, ಕುಟುಂಬ ಸಮೇತ ಬಂದವರು. ಕೊಳ್ಳುವವರು ಮಾತ್ರ ಇಲ್ಲ. ಎಲ್ಲರದೂ ಒಂದೇ ಪ್ರಶ್ನೆ. ಪಿರಿಯಾಪಟ್ಟಣದ ಕಡೆಯ ಪುಟ್ಟಸ್ವಾಮಿಗೌಡರು ಅದನ್ನು ಚೆನ್ನಾಗಿ ಕೇಳಿದರು. ಹತ್ತು ಬ್ಯಾರನ್ನುಗಳ ಒಡೆಯರು, ಬಿಳಿ ಪಂಚೆ, ಗಟ್ಟಿ ಧ್ವನಿ. ಕಾರಿನ ಮುಂದೆ ನಿಂತು ಮೂತಿಯ ಮೇಲಿದ್ದ ಕಂಪನಿಯ ಗುರುತನ್ನು ಕೋಲಿನಿಂದ ತೋರಿಸಿ, "ಇದು ನಮ್ಮೂರ್ ಪೋಸ್ಟ್ ಮಾಸ್ಟ್ರು ಕಾರಲ್ಲೂ ಅದೆ ಕಣಯ್ಯ. ಅವನ ಗಾಡಿ ಅಂತಾದ್ದು ಹತ್ತು ತಕಬೋದು ಇದೊಂದ್ರಲ್ಲಿ. ನಾಳೆ ಬೀಗರು ನೋಡುದ್ರೆ, ಗೌಡ ಪೋಸ್ಟ್ ಮಾಸ್ಟ್ರು ಗಾಡಿ ತಂದವ್ನೆ ಅನ್ನಾಕಿಲ್ವಾ?" ಎಂದರು.

"ಗುರುತು ಅದೇ ಗೌಡ್ರೆ. ಆದ್ರೆ ಇದು ಹಡಗಲ್ಲಿ ಬಂದಿರೋದು."

"ಅಡಗಲ್ಲಾ?" ಗೌಡರ ಕಣ್ಣು ಅರಳಿತು. ಹಿಂದಕ್ಕೆ ತಿರುಗಿ, "ಲೇ ಜವರ, ಬಾರ್ಲಾ ಇಲ್ಲಿ. ಅಡಗಲ್ಲಿ ಬಂದದಂತೆ" ಎಂದು ಕೂಗಿದರು.

ಹೊರಗೆ ಜೀಪಿನ ಬಳಿ ನಿಂತಿದ್ದ ಡ್ರೈವರ್ ಜವರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು. ಶೋರೂಮಿಗೆ ಚಪ್ಪಲಿ ಬಿಟ್ಟು ಬಂದವರು ಅವರೊಬ್ಬರೇ. ನಲವತ್ತೈದರ ಆಸುಪಾಸು, ತೆಳ್ಳಗೆ, ಎಚ್.ಡಿ. ಕೋಟೆ ತಾಲ್ಲೂಕಿನ ಹಂಪಾಪುರದವರು. ಹುಡುಗನಾಗಿದ್ದಾಗಲೇ ಗೌಡರ ಮನೆ ಸೇರಿ, ಟ್ರ್ಯಾಕ್ಟರು ಓಡಿಸಿ, ಆಮೇಲೆ ಜೀಪು. ಗೌಡರ ಒಬ್ಬಳೇ ಮಗಳು ಶೋಭಳನ್ನು ಅಂಗನವಾಡಿಯಿಂದ ಕಾಲೇಜಿನವರೆಗೆ ಕರೆದೊಯ್ದವರು ಅವರು. ಅವಳಿಗೆ ಸಾಲಿಗ್ರಾಮದ ಕಡೆ ಸಂಬಂಧ ಗೊತ್ತಾಗಿತ್ತು. ಮದುವೆ ಕಾರ್ತಿಕದಲ್ಲಿ, ಕೆ.ಆರ್. ನಗರದ ಛತ್ರದಲ್ಲಿ. ಗೌಡರಿಗೆ ಈ ಕಾರು ಬೇಕಾಗಿದ್ದೇ ಮಗಳನ್ನು ಅದರಲ್ಲಿ ಕರೆದುಕೊಂಡು ಹೋಗಿ ಬೀಗರ ಮುಂದೆ ಇಳಿಸುವುದಕ್ಕೆ.

"ಮಗೀನ ನಾನೇ ಕರ್ಕಂಡೋಗಿ ಬುಡೋದು ಸಾ" ಎಂದು ಜವರಣ್ಣ ನನಗೆ ಹೇಳಿದರು. ಅಂದೇ ಹೇಳಿದರೋ ಇನ್ನೊಂದು ದಿನವೋ. "ಸ್ಕೂಲ್ಗೆ ಬುಟ್ಟಂಗೆ."

ಊರ ಹೊರಗಿನ ರಸ್ತೆಯಲ್ಲಿ ಕಾರು ಓಡಿಸಿ ತೋರಿಸಿದೆ. ಗೌಡರು ಹಿಂದೆ, ಜವರಣ್ಣ ನನ್ನ ಪಕ್ಕ. ನಿಂತಲ್ಲಿ ಇಂಜಿನ್ ಓಡುತ್ತಿರುವುದೇ ಅವರಿಗೆ ತಿಳಿಯಲಿಲ್ಲ. ಇಳಿದು ಬಾನೆಟ್ಟಿಗೆ ಕಿವಿಯಿಟ್ಟು, "ಸ್ಟಾರ್ಟ್ ಆಗದಾ ಸಾ?" ಎಂದರು. ಗೌಡರು ಒಳಗಿಂದ, "ಇದು ಪೆಟ್ರೋಲಾ?" ಎಂದು ಕೇಳಿದ್ದು, ನಾನು, "ಪೆಟ್ರೋಲು ಗೌಡ್ರೆ, ಅದಕ್ಕೇ ಈ ನಯ" ಎಂದಿದ್ದು ನಿಜ. ಆದರೆ ಜವರಣ್ಣ ಹೊರಗಿದ್ದರು. ಮತ್ತೆ ಒಳಗೆ ಕೂತ ಮೇಲೆ ಅವರು ಏನೋ ಹೇಳಿದರು. ಆ ಮಾತು ಇಷ್ಟು ವರ್ಷ ನನ್ನ ಕಿವಿಯಲ್ಲಿದೆ: "ಫಾರಿನ್ ಇಂಜಿನ್ ಅಂದ್ರೆ ಇಂಗೇ ನೋಡಿ. ಡೀಸೆಲ್ ಆದ್ರೂವೆ ಸದ್ದಿಲ್ಲ." ಅದನ್ನು ನಾನು ಅಂದು ಕೇಳಿಸಿಕೊಂಡೆನೋ, ಆಮೇಲೆ ನಡೆದದ್ದನ್ನು ತಿಳಿದು ನನ್ನ ಮನಸ್ಸೇ ಕಟ್ಟಿಕೊಂಡಿತೋ ಹೇಳಲಾರೆ. ಕೇಳಿಸಿಕೊಂಡಿದ್ದರೆ ಯಾಕೆ ತಿದ್ದಲಿಲ್ಲ? ಗೌಡರು ಹಿಂದಿನಿಂದ ಬಣ್ಣದ ಮಾತು ಎತ್ತಿದ್ದರು. ಬಣ್ಣಕ್ಕೆ ಬಂದ ಗಿರಾಕಿ ಹಿಂದಕ್ಕೆ ಹೋಗುವುದಿಲ್ಲ ಎಂದು ನಮಗೆ ಕಲಿಸಿದ್ದರು. ನನ್ನ ಕಿವಿ ಪೂರ್ತಿ ಹಿಂದಿನ ಸೀಟಿನಲ್ಲಿತ್ತು.

ಅವರ ತಪ್ಪೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಆಗ ಚಿಕ್ಕ ಕಾರು ಎಂದರೆ ಪೆಟ್ರೋಲು, ದೊಡ್ಡ ಗಾಡಿ ಎಂದರೆ ಡೀಸೆಲ್ಲು. ಜೀಪು, ಟ್ರ್ಯಾಕ್ಟರು, ಟೆಂಪೊ, ಲಾರಿ, ಮದುವೆಗೆ ಬಾಡಿಗೆಗೆ ಬರುವ ಎಂಟು ಸೀಟಿನ ಗಾಡಿ, ಎಲ್ಲ ಡೀಸೆಲ್ಲೇ. ಯಾರೂ ಕೇಳುತ್ತಿರಲಿಲ್ಲ, ಯಾರೂ ಹೇಳುತ್ತಿರಲಿಲ್ಲ.

ಹೇಳಲೇಬೇಕೆಂದು ಕಂಪನಿಯ ಫಾರಂನಲ್ಲಿತ್ತು. ಗಾಡಿ ಒಪ್ಪಿಸುವಾಗ ತುಂಬಬೇಕಾದ ಡೆಲಿವರಿ ಫಾರಂ, ಇಂಗ್ಲಿಷಿನದು. ಜಾಕ್ ಕೊಟ್ಟಿದೆ, ಎರಡು ಕೀಲಿ ಕೊಟ್ಟಿದೆ, ಹೀಗೆ ಒಂದೊಂದು ಸಾಲಿಗೂ ಟಿಕ್. ಏಳನೇ ಸಾಲು: ಯಾವ ಇಂಧನ ಹಾಕಬೇಕೆಂದು ಗಾಡಿ ಓಡಿಸುವವರಿಗೆ ವಿವರಿಸಿದೆ. ಕೆಳಗೆ ಓಡಿಸುವವರ ಸಹಿ. ನಮ್ಮ ಶಾಖೆಯಲ್ಲಿ ಒಂದು ರೂಢಿಯಿತ್ತು. ಗಾಡಿ ಒಯ್ಯುವವರು ಒಳ್ಳೆಯ ಗಳಿಗೆ ನೋಡಿಕೊಂಡು ಕೊನೆಯ ಕ್ಷಣಕ್ಕೆ ಬರುತ್ತಿದ್ದರು. ರಾಹುಕಾಲಕ್ಕೆ ಮುಂಚೆ ಚಕ್ರ ಉರುಳಬೇಕು. ಆದ್ದರಿಂದ ಫಾರಂಗೆ ಹಿಂದಿನ ಸಂಜೆಯೇ ಟಿಕ್ ಹಾಕಿಡುತ್ತಿದ್ದೆವು. ಬಂದ ಕೂಡಲೇ ಸಹಿ, ಆಮೇಲೆ ಪೂಜೆ, ಸಮಯ ಉಳಿದರೆ ವಿವರಣೆ. ಚಿಕ್ಕ ಕಾರಿನ ಬಗ್ಗೆ ವಿವರಿಸುವುದಕ್ಕೂ ಏನಿರಲಿಲ್ಲ.

ಗೌಡರು ಬಂದದ್ದು ಶುಕ್ರವಾರ ಹತ್ತು ಗಂಟೆ ದಾಟಿದ ಮೇಲೆ. ಹತ್ತೂವರೆಗೆ ರಾಹುಕಾಲ. ಹೂವಿನ ಹಾರ, ಕುಂಬಳಕಾಯಿ, ಚಕ್ರದಡಿಗೆ ನಿಂಬೆಹಣ್ಣು. "ಬಿರ್ರನೆ ಬಿರ್ರನೆ" ಎಂದು ಗೌಡರು ಗಡಿಯಾರ ತೋರಿಸುತ್ತಿದ್ದರು. ನಾನು ಜವರಣ್ಣನ ಮುಂದೆ ಫಾರಂ ಹಿಡಿದು ಸಹಿಯ ಜಾಗ ತೋರಿಸಿದೆ, ಇಂಕ್ ಪ್ಯಾಡನ್ನೂ ಪಕ್ಕಕ್ಕಿಟ್ಟೆ. ಅವರು ಪ್ಯಾಡನ್ನು ಬೆರಳ ತುದಿಯಿಂದ ದೂರ ಸರಿಸಿದರು.

"ಸೈನ್ ಬತ್ತದೆ ಸಾ. ರಾತ್ರಿ ಶಾಲೇಲಿ ಕಲ್ತಿವ್ನಿ. ಎಬ್ಬೆಟ್ಟು ಬುಟ್ಟು ಅತ್ತು ವರ್ಸ ಆಯ್ತು."

ಗೋಡೆಗೆ ಹಾಳೆಯೊತ್ತಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ 'ಜವರಯ್ಯ' ಎಂದು ಬರೆದರು. ಗೌಡರು, "ಶಾಸನ ಕೆತ್ತುತಾವ್ನೆ ನೋಡ್ರಪ್ಪ. ರಾಹು ಬಂದು ಇವನ್ ಸೈನ್ ನೋಡ್ಕಂಡ್ ಓಯ್ತಾನೆ ಈಗ" ಎಂದು ಗೇಲಿ ಮಾಡಿದರು. ಎಲ್ಲರೂ ನಕ್ಕೆವು. ಜವರಣ್ಣನೂ ನಕ್ಕರು. ನಿಂಬೆಹಣ್ಣು ಚಪ್ಪಟೆಯಾಯಿತು, ಕಾರು ರಸ್ತೆಗಿಳಿಯಿತು. ಅಂದು ಮಳೆಯಿತ್ತೇ? ನನ್ನ ಕಣ್ಣಿನಲ್ಲಿ ಟೈಲ್ಸ್ ಮೇಲೆ ಕೆಸರಿನ ಹೆಜ್ಜೆಗಳಿವೆ. ಕಾರ್ತಿಕದಲ್ಲಿ ಅಷ್ಟು ಕೆಸರು ಎಲ್ಲಿಂದ ಬಂತೋ.

ಮದುವೆಯವರೆಗೆ ಕಾರನ್ನು ಮುಟ್ಟಬಾರದೆಂದು ಗೌಡರು ಅದನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ ಬಟ್ಟೆ ಹೊದಿಸಿದ್ದರು. ಎರಡು ವಾರದ ಮೇಲೆ ಒಂದು ಶನಿವಾರ ಮಧ್ಯಾಹ್ನ ಹೆಣ್ಣಿನ ಕಡೆಯವರು ಕೆ.ಆರ್. ನಗರಕ್ಕೆ ಹೊರಟರು. ಬಸ್ಸುಗಳು ಮುಂದೆ ಹೋದವು. ಹಿಂದಿನಿಂದ ಶೋಭ, ಅವಳ ತಾಯಿ, ಗೌಡರು ಹೊಸ ಕಾರಿನಲ್ಲಿ. ಊರು ದಾಟಿ ಹೆದ್ದಾರಿ ಸೇರಿ ಸ್ವಲ್ಪ ದೂರ ಬಂದ ಮೇಲೆ ಕಾರು ಜಗ್ಗತೊಡಗಿ, ಬಿಳಿ ಹೊಗೆ ಉಗುಳಿ, ನಿಂತಿತು. ಶೋರೂಮಿಗೆ ಫೋನ್ ಬಂತು. ನಾನೂ ರಹಮತ್ ಭಾಯ್ ಅವರೂ ವ್ಯಾನಿನಲ್ಲಿ ಓಡಿದೆವು.

ರಸ್ತೆಬದಿಯ ಮರದ ಕೆಳಗೆ ಮದುಮಗಳು ಸೂಟ್‌ಕೇಸಿನ ಮೇಲೆ ಕೂತಿದ್ದಳು. ಹೋಗುವ ಬರುವ ಬಸ್ಸುಗಳ ಕಿಟಕಿಗಳಿಂದ ಜನ ಇಣುಕುತ್ತಿದ್ದರು. ಜವರಣ್ಣ ಹೊಸ ಬಿಳಿ ಅಂಗಿ ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ರಹಮತ್ ಭಾಯ್ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ, ತಲೆಯೆತ್ತಿ, "ಏನ್ ಹಾಕಿದ್ಯೋ ಜವರಣ್ಣ ಇದಕ್ಕೆ?" ಎಂದರು.

"ಇನ್ನೇನ್ ಆಕ್ತರೆ? ಡೀಸೆಲ್ಲು. ಮನೇಲಿ ಡ್ರಮ್ ಅದಲ್ಲ, ಟ್ರ್ಯಾಕ್ಟರ್‌ದು. ಲಾಳಿಕೆ ಇಟ್ಟು ಎರಡು ಕ್ಯಾನು ಉಯ್ದೆ. ಮದ್ವೆ ಗಾಡಿ, ದಾರೀಲಿ ನಿಲ್ಲಬಾರ್ದು ಅಂತ."

"ಇದು ಪೆಟ್ರೋಲ್ ಗಾಡಿ ಕಣೋ."

ಜವರಣ್ಣ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಆರೋಪವಿರಲಿಲ್ಲ. ಮೇಷ್ಟ್ರ ಕಡೆ ಹುಡುಗ ನೋಡುವಂತೆ, ಅವರು ಸರಿಯಾದದ್ದನ್ನು ಹೇಳುತ್ತಾರೆಂದು ಕಾಯುವಂತೆ ನೋಡಿದರು. "ನಂಗೆ ಯಾರೂ ಏಳ್ನಿಲ್ಲ ಗೌಡ್ರೆ" ಎಂದರು.

ಗೌಡರು ನನ್ನತ್ತ ತಿರುಗಿದರು. "ಏನಯ್ಯ, ಇವನಿಗೆ ಏಳಿದ್ಯೋ ಇಲ್ವೋ ನೀನು?"

ಕೆಲಸ, ವರ್ಗ, ಮೈಸೂರು ಎಲ್ಲ ಕಣ್ಣ ಮುಂದೆ ಬಂತು ಎಂದು ಬರೆದರೆ ಕತೆಗೆ ಒಪ್ಪುತ್ತದೆ, ಆದರೆ ಹಾಗೆ ಏನೂ ಬರಲಿಲ್ಲ. ನಾಲಿಗೆ ತಾನೇ ಹೊರಳಿತು. "ಹೇಳಿದ್ದೆ ಗೌಡ್ರೆ. ಅವರು ಸೈನ್ ಕೂಡ ಮಾಡಿದಾರೆ."

'ಹೇಳಿರಬೇಕು' ಎಂದೆನೇನೋ ಎಂದು ಆಮೇಲೆ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ರಹಮತ್ ಭಾಯ್ ಪಕ್ಕದಲ್ಲೇ ಇದ್ದರು. ಅವರ ಪ್ರಕಾರ ನಾನಂದದ್ದು 'ಹೇಳಿದ್ದೆ' ಎಂದೇ, ಅನುಮಾನಕ್ಕೆ ಎಡೆಯಿಲ್ಲ.

ಗೌಡರು ಕೈಯೆತ್ತಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು. "ಮೂವತ್ತು ವರ್ಸ ಅನ್ನ ಆಕಿದ್ದಕ್ಕೆ ಬೀಗರ ಮುಂದೆ ಮೂಗು ಕುಯ್ದ್ಯಲ್ಲೋ" ಎಂದರು. "ಛತ್ರದ ಕಡೆ ತಲೆ ಆಕ್ಬೇಡ. ಮನೆ ಕಡೀಕೂ ಬರ್ಬೇಡ." ಶೋಭ ಎದ್ದು ಬಂದು, "ಅಪ್ಪಾಜಿ, ಜವರಣ್ಣನ್ನ ಏನೂ ಅನ್ಬೇಡಿ" ಎಂದಳು. ಗೌಡರು ಅವಳ ಮುಖವನ್ನೂ ನೋಡಲಿಲ್ಲ.

ಅಷ್ಟರಲ್ಲಿ ಅಡುಗೆಯವರ ಪಾತ್ರೆ ಹೇರಿಕೊಂಡು ಅದೇ ಮದುವೆಗೆ ಹೋಗುತ್ತಿದ್ದ ಟೆಂಪೊ ಬಂತು. ಬೇರೆ ದಾರಿಯಿರಲಿಲ್ಲ, ನಮ್ಮ ವ್ಯಾನಿನ ಹಿಂಬದಿ ಪೂರ್ತಿ ಗ್ರೀಸು. ಮದುಮಗಳು ಡ್ರೈವರ್ ಪಕ್ಕದ ಸೀಟಿನಲ್ಲಿ, ತಾಯಿ ಅವಳ ಪಕ್ಕ, ಗೌಡರು ಹಿಂದೆ ಕೊಪ್ಪರಿಗೆಗಳ ನಡುವೆ. ಛತ್ರದ ಬಾಗಿಲಲ್ಲಿ ಗಂಡಿನ ಕಡೆಯ ಹೆಂಗಸರು, "ಹೆಣ್ಣು ಸೌಟಿನ ಜತೇಲೇ ಬಂದವಳೆ, ಒಲೆ ತೋರ್ಸಿ" ಎಂದು ನಗೆಯಾಡಿದರಂತೆ. ಮದುವೆಯೇನೋ ಚೆನ್ನಾಗಿಯೇ ಆಯಿತು. ಟೆಂಪೊ ಹೊರಟಾಗ ಶೋಭ ಕಿಟಕಿಯಿಂದ ತಲೆ ಹೊರಗೆ ಹಾಕಿ ತಿರುತಿರುಗಿ ನೋಡುತ್ತಿದ್ದಳು. ಜವರಣ್ಣ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಅಂಗಿಯ ತೋಳಿನಿಂದ ಅದರ ಧೂಳು ಒರೆಸಿ, ರಸ್ತೆಯಾಚೆ ಹೋಗಿ ನಿಂತರು. ಆ ದಿನಗಳಲ್ಲಿ ಅವರನ್ನು ನಾನು ನೋಡಿದ್ದು ಅದೇ ಕೊನೆ.

ಹಿಂದಿರುಗುವಾಗ ವ್ಯಾನಿನಲ್ಲಿ ರಹಮತ್ ಭಾಯ್ ಕೈಗಂಟಿದ ಡೀಸೆಲ್ಲನ್ನು ಬಟ್ಟೆಗೆ ಒರೆಸುತ್ತ ಕೂತಿದ್ದರು. ಹುಣಸೂರು ಹತ್ತಿರವಾದಾಗ, "ಸಾರ್, ಡೆಲಿವರಿ ಹಿಂದಿನ್ ಗುರುವಾರ ಸಂಜೆ ನೀವು ಫಾರಂಗೆ ಟಿಕ್ ಹಾಕ್ತಿದ್ರಿ. ನಾನೇ ಚಾ ತಂದ್ಕೊಟ್ಟೆ. ನೆನಪಿದ್ಯಾ?" ಎಂದರು.

"ನೆನಪಿಲ್ಲ ಭಾಯ್."

"ನನ್ಗಿದೆ" ಎಂದು ಅವರು ಕಿಟಕಿಯಾಚೆ ನೋಡಿದರು. ಅವರು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ನನಗೆ ಚಹಾ ತಂದುಕೊಡಲಿಲ್ಲ.

ಕಾರು ರಿಪೇರಿಯಾಗಿ ಹೋಯಿತು. ಗೌಡರು ಕಂಪನಿಗೆ ದೂರು ಬರೆಸಿದರು, ಕಂಪನಿಯವರು ನನ್ನಿಂದ ಫಾರಂ ತರಿಸಿಕೊಂಡು ಅದರ ಪ್ರತಿಯನ್ನು ಅವರಿಗೆ ಕಳಿಸಿದರು. ಗೌಡರು ಜವರಣ್ಣನನ್ನು ಕರೆಸಿ, ಯಾರಿಂದಲೋ ಏಳನೇ ಸಾಲು ಓದಿಸಿ, ಸಹಿ ತೋರಿಸಿದರೆಂದು ರಹಮತ್ ಭಾಯ್ ಮೂಲಕ ತಿಳಿಯಿತು. ಹೆಬ್ಬೆಟ್ಟು ಒತ್ತಿದ್ದರೆ, ಪಾಪ ಓದು ಬರದವನು ಎಂದು ಯಾರಾದರೂ ಅನ್ನುತ್ತಿದ್ದರೇನೋ. ನನ್ನ ಕೆಲಸ ಕಾಯಂ ಆಯಿತು. ಮೈಸೂರಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಅದನ್ನು ಬಿಟ್ಟು ಮೇಷ್ಟ್ರಾದೆ. ನೆನಪು ಎಂಬುದು ಸಾಕ್ಷಿಯಲ್ಲ, ಪ್ರತಿಸಲ ಹೊಸದಾಗಿ ಕಟ್ಟುವ ಗೋಡೆ ಎಂದು ಹುಡುಗರಿಗೆ ಪಾಠ ಮಾಡುತ್ತೇನೆ. ಆ ಪಾಠವನ್ನು ಬಹಳ ಉತ್ಸಾಹದಿಂದ ಮಾಡುತ್ತೇನೆ.

ಬಂಕಿನ ಹೆಣ್ಣುಮಗಳನ್ನು, "ಇಲ್ಲಿ ಜವರಯ್ಯ ಅಂತ, ಮೊದಲು ಡ್ರೈವರ್ ಆಗಿದ್ರು" ಎಂದು ಕೇಳಿದೆ.

"ಡ್ರೈವರ್ ಯಾರೋ ಗೊತ್ತಿಲ್ಲ. ಸೈಕಲ್ ಶಾಪ್ ಜವರಣ್ಣ ಅವ್ರೆ, ಮುಂದ್ಗಡೆ ಸರ್ಕಲ್ ಹತ್ರ."

ಅವರೇ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಸೈಕಲನ್ನು ತಲೆಕೆಳಗು ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಹೆಸರು ಹೇಳಿದೆ. ಸ್ವಲ್ಪ ಹೊತ್ತು ಮುಖ ನೋಡಿ, "ಅಡಗಿನ್ ಕಾರ್ ಸಾ!" ಎಂದು ಎದ್ದು ನಿಂತರು. ಸ್ಟೂಲನ್ನು ಬಟ್ಟೆಯಿಂದ ಒರೆಸಿ ಕೂರಿಸಿದರು. "ಇದ್ಕೆ ಪೆಟ್ರೋಲು ಬ್ಯಾಡ, ಡೀಸೆಲ್ಲೂ ಬ್ಯಾಡ ನೋಡಿ. ಗಾಳಿ ಆಕುದ್ರೆ ಓಡ್ತದೆ" ಎಂದು ಸೈಕಲ್ಲು ತೋರಿಸಿ ನಕ್ಕರು.

ಗೌಡರು ತೀರಿಕೊಂಡಿದ್ದರು. ಶೋಭ ಸಾಲಿಗ್ರಾಮದಲ್ಲಿದ್ದಾಳೆ, ಅವಳ ಮಗಳೂ ಕಾಲೇಜಿಗೆ ಬಂದಿದ್ದಾಳೆ. ಹೇಳುತ್ತ ಹೇಳುತ್ತ ಅವರು ಅಂಗಡಿಯ ಗೋಡೆಗೆ ಒರಗಿದರು. ಆಗ ಗೋಡೆಯನ್ನು ನೋಡಿದೆ. ನೆಲದಿಂದ ತಲೆಯ ಎತ್ತರದವರೆಗೆ ಸೀಮೆಸುಣ್ಣದ ಅಕ್ಷರ. ಶಿವಮ್ಮ, ಇಂದಲ ಬ್ರೇಕು. ಮಾದೇವ, ಪೆಡಲು. ಸಾಬರ ಕೆಂಪು ಸೈಕಲು, ಪಂಚರು, ಕೊಟ್ಟಿದೆ. ಅಷ್ಟರಲ್ಲೇ ಹೆಂಗಸೊಬ್ಬಳು ಬಂದು, "ನಂದು ಆಯ್ತಾ ಜವರಣ್ಣ?" ಎಂದಳು. ಅವರ ಪಕ್ಕದಲ್ಲೇ, ಕೈಗೆಟುಕುವಲ್ಲೇ ಅವಳ ಸೈಕಲ್ಲಿತ್ತು. ಆದರೂ ಗೋಡೆಯ ಕಡೆ ತಿರುಗಿ, ಬೆರಳಿಟ್ಟು ಹುಡುಕಿ, ಆಮೇಲೆ, "ಆಗದೆ, ತಕೊ" ಎಂದರು.

"ಯಾಕೆ ಎಲ್ಲಾ ಬರೆದಿಡ್ತೀರಿ?"

"ನನ್ ತಲೆ ನಂಬಂಗಿಲ್ಲ ಸಾ." ತೀರ ಸಹಜವಾಗಿ ಹೇಳಿದರು. "ಆವತ್ತಿಂದ ಗೊತ್ತಾಯ್ತು. ನೀವು ಅಷ್ಟು ಬುಡುಸಿ ಏಳಿದ್ರಿ, ಪೆಟ್ರೋಲು ಅಂತ. ಸೈನ್ ಬೇರೆ ಆಕಿವ್ನಿ. ಕಾಗದ ಕಣ್ಣಾರ ನೋಡ್ದೆ, ನನ್ ಸೈನೇ. ಆದ್ರೂ ನಂಗೆ ಒಂಚೂರೂ ನೆಪ್ಪಿಲ್ಲ. ಅಂತಾ ತಲೆ ಇಟ್ಕಂಡು ಗಾಡಿ ಓಡ್ಸಬೌದಾ? ಇಂದ್ಗಡೆ ಮಕ್ಕಳು ಮರಿ ಕುಂತಿರ್ತರೆ. ಆಮ್ಯಾಕೆ ಸ್ಟೇರಿಂಗ್ ಮುಟ್ನಿಲ್ಲ ಬುಡಿ."

ನನ್ನ ಸುಳ್ಳು ಅವರ ಕೆಲಸ ಕಸಿದಿತ್ತೆಂದು ನನಗೆ ಗೊತ್ತಿತ್ತು. ಅದು ಅವರ ತಲೆಯೊಳಗೆ ಹೋಗಿ ಕೂತು, ಇಷ್ಟು ವರ್ಷ ಅವರದೇ ತಪ್ಪಾಗಿ ಬದುಕಿತ್ತೆಂದು ಗೊತ್ತಿರಲಿಲ್ಲ. ಸುಮ್ಮನೆ ಎದ್ದು ಬರಬಹುದಿತ್ತು. ಅವರೇ ಸಾಕ್ಷಿ ಹೇಳುತ್ತಿದ್ದಾರಲ್ಲ, ಹೇಳಿದ್ದೆನೇನೋ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಅನ್ನಿಸಿದ್ದನ್ನು ಮರೆಮಾಚುವುದಿಲ್ಲ.

"ಜವರಣ್ಣ, ನೀವು ಮರೆತಿರಲಿಲ್ಲ. ನಾನು ಹೇಳಿರಲಿಲ್ಲ."

ಅವರು ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟರು. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಅದರ ಸದ್ದು ಅಡಗುವವರೆಗೆ ಕಾದು, "ಇನ್ನೊಂದ್ ಸಲ ಏಳಿ" ಎಂದರು. ಹಿಂದಿನ ಸಂಜೆಯ ಟಿಕ್, ರಾಹುಕಾಲದ ಅವಸರ, ರಸ್ತೆಬದಿಯಲ್ಲಿ ನಾನಾಡಿದ ಮಾತು, ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕೊನೆಗೆ, "ಬರ್ದು ಕೊಡಿ" ಎಂದರು. "ಕನ್ನಡದಲ್ಲಿ. ಆವತ್ತಿಂದು ಇಂಗ್ಲೀಸ್‌ನಲ್ಲಿತ್ತು."

ಸೀಮೆಸುಣ್ಣ ಎತ್ತಿಕೊಂಡೆ. "ಗೋಡೆ ಮ್ಯಾಲಲ್ಲ. ಕಾಗದದಲ್ಲಿ."

ಡೈರಿಯಿಂದ ಹಾಳೆ ಹರಿದು ಬರೆದೆ: 'ಕಾರು ಒಪ್ಪಿಸಿದ ದಿನ ಯಾವ ಇಂಧನ ಹಾಕಬೇಕೆಂದು ಜವರಯ್ಯನವರಿಗೆ, ನನಗೆ ನೆನಪಿರುವ ಮಟ್ಟಿಗೆ, ನಾನು ಹೇಳಿರಲಿಲ್ಲ.' ಅವರು ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಅಕ್ಷರ ಕೂಡಿಸಿ ಓದಿದರು. ನಡುವೆ ಬೆರಳು ನಿಂತಿತು.

"ಇದೇನ್ ಸಾ, ನೆನಪಿರುವ ಮಟ್ಟಿಗೆ?"

"ಅದು... ಹಾಗೆ ಬರೆಯೋದು ವಾಡಿಕೆ."

"ನಂಗೆ ನೆಪ್ಪಿಲ್ಲ ಅಂದಾಗ ಯಾರೂ ಒಪ್ನಿಲ್ಲ. ವಡ್ದಾಕಿ ಅದ."

ಆ ಮೂರು ಪದಗಳ ಮೇಲೆ ಗೀಟು ಎಳೆದೆ.

"ಸೈನು?"

ಸಹಿ ಮಾಡಿದೆ. ಅವರು ಮತ್ತೊಮ್ಮೆ ಓದಿ, ನಾಲ್ಕಾಗಿ ಮಡಿಚಿ, ಅಂಗಿಯ ಜೇಬಿಗಿಟ್ಟುಕೊಂಡರು. "ಮಗೀಗೆ ತೋರಿಸ್ಬೇಕು" ಎಂದರು. ಸಾಲಿಗ್ರಾಮಕ್ಕೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ, ಅವಳ ಮುಂದೆಯೂ ನಾನೇ ಹೇಳುತ್ತೇನೆ ಎಂದೆ.

"ಬ್ಯಾಡಿ. ಬಸ್ಸದೆ" ಎಂದರು. ಕಾಯುತ್ತ ನಿಂತೆ, ಏನನ್ನು ಕಾಯುತ್ತಿದ್ದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಅವರು ಕುಕ್ಕರಗಾಲಿನಲ್ಲಿ ಕೂತು ಚೈನು ತಿರುಗಿಸತೊಡಗಿದರು.

ಕಾರಿನ ಬಾಗಿಲು ತೆಗೆಯುವಾಗ ಯಾರೋ ಮುದುಕ ಬಂದು, "ಜವರ, ನನ್ ಸೈಕಲ್ಲು ಏನಾಯ್ತ್ಲಾ?" ಎಂದು ಕೇಳುವುದು ಕೇಳಿಸಿತು. ತಿರುಗಿ ನೋಡಿದೆ. ನಾನು ಬರೆದುಕೊಟ್ಟ ಹಾಳೆ ಜವರಣ್ಣನ ಜೇಬಿನಿಂದ ಅರ್ಧ ಇಣುಕುತ್ತಿತ್ತು. ಅವರು ಬಾಯಿ ತೆರೆದರು. ಏನೋ ಹೇಳಹೊರಟು, ನಿಂತು, ಎದ್ದು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟು ಹುಡುಕತೊಡಗಿದರು.